ಓವರ್‌ಕ್ಲಾಕ್ ಹಾಕಿದರೂ ಹತ್ತುತ್ತಿಲ್ಲವೇ? ಬಳ್ಳಾರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ನನ್ನದೊಂದು ಚಿಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ. ಮೊದಲೆಲ್ಲ ಪ್ರಿಂಟರ್, ಬಿಲ್ಲಿಂಗ್ ಕಂಪ್ಯೂಟರ್, ಜೀನ್ಸ್ ಯೂನಿಟ್‌ನವರ ಡಿಸೈನ್ ಮಾಡುವ ಕಂಪ್ಯೂಟರ್, ಇಷ್ಟೇ ಬರುತ್ತಿದ್ದವು. ಈಗ ಕೆಲವು ವರ್ಷಗಳಿಂದ ಗೇಮ್ ಆಡುವ ಹುಡುಗರು, ಮದುವೆ ವಿಡಿಯೊ ಎಡಿಟ್ ಮಾಡುವವರು ಜಾಸ್ತಿ ಆಗಿದ್ದಾರೆ. ಸಿರುಗುಪ್ಪ, ಸಂಡೂರು, ಗಂಗಾವತಿ, ಸಿಂಧನೂರಿನಿಂದಲೂ ಫೋನ್ ಬರುತ್ತದೆ. ಎಲ್ಲರ ಮಾತೂ ಒಂದೇ: "ಅಣ್ಣ, ಓವರ್‌ಕ್ಲಾಕ್ ಹಾಕೀನಿ, ಹತ್ತವಲ್ದು."

ಓವರ್‌ಕ್ಲಾಕ್ ಎಂದರೆ ಗ್ರಾಫಿಕ್ಸ್ ಕಾರ್ಡನ್ನು ಕಂಪನಿ ಇಟ್ಟು ಕಳಿಸಿದ ಸ್ಪೀಡಿಗಿಂತ, ಅಂದರೆ ಕ್ಲಾಕ್‌ಗಿಂತ, ಜಾಸ್ತಿ ಓಡಿಸುವುದು. ಅದು ಹತ್ತದಿರುವುದರಲ್ಲಿ ಎರಡು ಥರ ಇದೆ. ನೀವು ಕೊಟ್ಟ ಸಂಖ್ಯೆ ಕಾರ್ಡಿಗೆ ತಲುಪಲೇ ಇಲ್ಲ ಎನ್ನುವುದು ಒಂದು. ತಲುಪಿದೆ, ಆದರೆ ಕಾರ್ಡು ಬಿಸಿಗೋ ಕರೆಂಟಿಗೋ ಹೆದರಿ ಅದನ್ನು ಪಾಲಿಸುತ್ತಿಲ್ಲ ಎನ್ನುವುದು ಇನ್ನೊಂದು. ಇದನ್ನು ಬೇರ್ಪಡಿಸದೆ ಸುಮ್ನೆ ಸ್ಲೈಡರ್ ಎಳೆಯುತ್ತಾ ಕೂತರೆ ರಾತ್ರಿ ಕಳೆಯುತ್ತದೆ ಅಷ್ಟೇ. ಅದಕ್ಕೇ ಈ ಪುಟ ಬರೆದಿದ್ದೇನೆ.

ಸೆಟ್ಟಿಂಗ್ ನಿಜವಾಗಿ ಹತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಮೊದಲು ಜಿಪಿಯು-ಝಡ್ ಎನ್ನುವ, ಕಾರ್ಡಿನ ವಿವರ ತೋರಿಸುವ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದನ್ನು ತೆರೆದ ಕೂಡಲೇ ಬರುವ ಪುಟದ ಕೆಳಭಾಗದಲ್ಲಿ ಎರಡು ಸಾಲು ಇರುತ್ತವೆ. ಒಂದು ಈಗಿನ ಕ್ಲಾಕ್, ಇನ್ನೊಂದು ಡಿಫಾಲ್ಟ್ ಕ್ಲಾಕ್, ಅಂದರೆ ಕಂಪನಿ ಇಟ್ಟು ಕಳಿಸಿದ್ದು. ನೀವು 100 ಮೆಗಾಹರ್ಟ್ಸ್ ಜಾಸ್ತಿ ಮಾಡಿದ್ದರೆ ಎರಡರ ನಡುವೆ ಹೆಚ್ಚುಕಡಿಮೆ ಅಷ್ಟೇ ಅಂತರ ಕಾಣಬೇಕು. ಎರಡೂ ಒಂದೇ ಇದ್ದರೆ ನಿಮ್ಮ ಸೆಟ್ಟಿಂಗ್ ಕಾರ್ಡಿಗೆ ತಲುಪಿಲ್ಲ. ಅಂತರ ಇದ್ದರೆ ತಲುಪಿದೆ, ತೊಂದರೆ ಮುಂದೆಲ್ಲೋ ಇದೆ.

ಇದಾದ ಮೇಲೆ ಸೆನ್ಸರ್ ಪುಟಕ್ಕೆ ಹೋಗಿ. ಆದರೆ ಬರೀ ಡೆಸ್ಕ್‌ಟಾಪ್ ಇಟ್ಟುಕೊಂಡು ನೋಡಬೇಡಿ. ಕೆಲಸ ಇಲ್ಲದಾಗ ಎನ್ವಿಡಿಯಾ ಕಾರ್ಡು 210 ಅಥವಾ 300 ಮೆಗಾಹರ್ಟ್ಸ್‌ಗೆ ಇಳಿದು ಮಲಗಿರುತ್ತದೆ. ಅದನ್ನು ನೋಡಿ "ನನ್ನ ಕಾರ್ಡು 1800 ಓಡಬೇಕಿತ್ತು, 300ಕ್ಕೆ ನಿಂತಿದೆ" ಎಂದು ಗಾಬರಿಯಾಗಿ ಫೋನ್ ಮಾಡಿದವರು ಎಷ್ಟು ಜನ ಅಂತೀರಾ! ಒಂದು ಗೇಮನ್ನು ಚಿಕ್ಕ ಕಿಟಕಿಯಲ್ಲಿ ಓಡಿಸಿ, ಪಕ್ಕದಲ್ಲಿ ಸೆನ್ಸರ್ ಪುಟ ಇಟ್ಟುಕೊಂಡು ಹತ್ತು ನಿಮಿಷ ನೋಡಿ. ಹತ್ತು ನಿಮಿಷ ಯಾಕೆಂದರೆ ಮೊದಲ ಒಂದೆರಡು ನಿಮಿಷ ಕಾರ್ಡು ತಣ್ಣಗಿರುತ್ತದೆ, ಆಗ ಎಲ್ಲವೂ ಚಂದವೇ ಕಾಣುತ್ತದೆ.

ಸ್ಲೈಡರ್ ಎಳೆದೆ, ಏನೂ ಆಗಲಿಲ್ಲ.

ಅಪ್ಲೈ ಒತ್ತಿದಿರಾ? ಬಹಳ ಜನ ಓವರ್‌ಕ್ಲಾಕ್‌ಗೆ ಬಳಸುವ ಸಾಫ್ಟ್‌ವೇರ್ ಎಂಎಸ್ಐ ಆಫ್ಟರ್‌ಬರ್ನರ್‌ನಲ್ಲಿ ಅದು ಅಕ್ಷರದಲ್ಲಿ ಇರುವುದಿಲ್ಲ, ಟಿಕ್ ಗುರುತಿನ ಬಟನ್ ಇರುತ್ತದೆ. ಎಎಂಡಿ ಕಾರ್ಡುಗಳ ಸ್ವಂತ ಸಾಫ್ಟ್‌ವೇರ್ ಅಡ್ರಿನಲಿನ್‌ನಲ್ಲಿ ಮೇಲುಗಡೆ ಬದಲಾವಣೆ ಅಪ್ಲೈ ಮಾಡುವ ಬಟನ್ ಬರುತ್ತದೆ. ನಗಬೇಡಿ, ಫೋನಿನಲ್ಲೇ ಮುಗಿದುಹೋಗುವ ಕೇಸುಗಳಲ್ಲಿ ಇದು ಮೊದಲನೆಯದು.

ಹಾಕಿದಾಗ ಸರಿ ಇರುತ್ತದೆ. ಬೆಳಿಗ್ಗೆ ಆನ್ ಮಾಡಿದರೆ ಹಳೆಯ ಸ್ಪೀಡಿಗೇ ಬಂದಿರುತ್ತದೆ. ಯಾಕೆ?

ಓವರ್‌ಕ್ಲಾಕ್ ಕಾರ್ಡಿನೊಳಗೆ ಬರೆದು ಕೂರುವುದಿಲ್ಲ. ಪ್ರತಿ ಸಲ ವಿಂಡೋಸ್ ಎದ್ದಾಗ ಯಾವುದಾದರೂ ಸಾಫ್ಟ್‌ವೇರ್ ಅದನ್ನು ಮತ್ತೆ ಹೇಳಬೇಕು. ಆಫ್ಟರ್‌ಬರ್ನರ್‌ನಲ್ಲಿ ಮೊದಲು ಸೇವ್ ಒತ್ತಿ 1ರಿಂದ 5ರವರೆಗಿನ ಪ್ರೊಫೈಲ್‌ಗಳಲ್ಲಿ ಒಂದರಲ್ಲಿ ಉಳಿಸಿ. ಆಮೇಲೆ ವಿಂಡೋಸ್ ಗುರುತಿನ ಸ್ಟಾರ್ಟಪ್ ಬಟನ್ ಒತ್ತಿ ಬೆಳಗುವಂತೆ ಮಾಡಿ. ಸೇವ್ ಮಾಡಿ ಸ್ಟಾರ್ಟಪ್ ಒತ್ತದವರು, ಸ್ಟಾರ್ಟಪ್ ಒತ್ತಿದ ಮೇಲೆ ಕ್ಲೀನರ್ ಸಾಫ್ಟ್‌ವೇರ್ ಹಾಕಿ "ಬೇಡದ ಸ್ಟಾರ್ಟಪ್" ಎಂದು ಅದನ್ನೇ ಕಿತ್ತವರು, ಇಬ್ಬರನ್ನೂ ನೋಡಿದ್ದೇನೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂದು ಒಂದು ಸೌಕರ್ಯ ಇದೆ. ಅದು ಆನ್ ಇದ್ದರೆ ನೀವು ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ಒಳಗಿನ ಅರ್ಧ ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟು, ಬೆಳಿಗ್ಗೆ ಅದನ್ನೇ ಎತ್ತಿಕೊಂಡು ಬರುತ್ತದೆ. ಡ್ರೈವರ್ ಕೂಡ ನಿನ್ನೆಯ ಸ್ಥಿತಿಯಲ್ಲೇ ಏಳುತ್ತದೆ. ಇದರಿಂದ ಕೆಲವು ಕಾರ್ಡುಗಳಲ್ಲಿ, ಅದರಲ್ಲೂ ಎಎಂಡಿಯಲ್ಲಿ, ಸೆಟ್ಟಿಂಗ್ ಕಲಸಿಹೋಗುತ್ತದೆ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ, ಶಟ್‌ಡೌನ್ ಮಾಡಿ ಆನ್ ಮಾಡಿದರೆ ಹೋಗುತ್ತದೆ ಎನ್ನುವುದಾದರೆ ಅನುಮಾನವೇ ಬೇಡ, ಇದೇ ಕಾರಣ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕು ಎಂದು ಕೇಳುವ ಜಾಗದಲ್ಲಿ ಅದನ್ನು ಆಫ್ ಮಾಡಬಹುದು.

ಕರೆಂಟು ಹೋಗಿ ಬಂದ ಮೇಲೆ ಎಎಂಡಿ ಸೆಟ್ಟಿಂಗ್ ಎಲ್ಲ ಮಾಯವಾಗಿರುತ್ತದೆ. ಸಾಫ್ಟ್‌ವೇರ್ ಕೆಟ್ಟಿದೆಯಾ?

ಇಲ್ಲ, ಅದು ಬೇಕೆಂದೇ ಮಾಡುತ್ತದೆ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ದಿಢೀರನೆ ನಿಂತರೆ, "ನೀನು ಕೊಟ್ಟ ಓವರ್‌ಕ್ಲಾಕ್‌ನಿಂದಲೇ ಹೀಗಾಗಿರಬೇಕು" ಎಂದು ಎಎಂಡಿ ಸಾಫ್ಟ್‌ವೇರ್ ಅಂದುಕೊಳ್ಳುತ್ತದೆ. ಮುಂದಿನ ಸಲ ಎದ್ದಾಗ ಎಲ್ಲವನ್ನೂ ಡಿಫಾಲ್ಟ್‌ಗೆ ತಂದು, ಅನಿರೀಕ್ಷಿತವಾಗಿ ಸಿಸ್ಟಂ ನಿಂತದ್ದರಿಂದ ಹೀಗೆ ಮಾಡಿದ್ದೇನೆ ಎಂದು ಒಂದು ಸಂದೇಶ ತೋರಿಸುತ್ತದೆ. ಕರೆಂಟು ಹೋಗಿದ್ದಕ್ಕೂ ಕಾರ್ಡು ಹ್ಯಾಂಗ್ ಆಗಿದ್ದಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇದು ಬೆಂಗಳೂರಿನ ವಿಡಿಯೊಗಳಲ್ಲಿ ಯಾರೂ ಹೇಳದ ಸಮಸ್ಯೆ. ನಮಗೆ ದಿನನಿತ್ಯದ್ದು. ಒಂದು ಕಡೆ ಶಕ್ತಿನಗರದ ವಿದ್ಯುತ್ ಸ್ಥಾವರ 1720 ಮೆಗಾವಾಟ್, ಇನ್ನೊಂದು ಕಡೆ ಕುಡತಿನಿಯದು 1700 ಮೆಗಾವಾಟ್, ನಡುವೆ ನಾವು ಏಪ್ರಿಲ್ ಮಧ್ಯಾಹ್ನ ಬೀಸಣಿಗೆ ಹಿಡಿದು ಕೂತಿರುತ್ತೇವೆ! ಇರಲಿ. ಮಾಡಬೇಕಾದ್ದು ಎರಡು. ಅಡ್ರಿನಲಿನ್‌ನ ಟ್ಯೂನಿಂಗ್ ಪುಟದಲ್ಲಿ ನಿಮ್ಮ ಪ್ರೊಫೈಲನ್ನು ಒಂದು ಫೈಲಾಗಿ ಉಳಿಸಿಕೊಳ್ಳಿ. ರೀಸೆಟ್ ಆದಾಗ ಅದನ್ನೇ ಲೋಡ್ ಮಾಡಿದರೆ ಆಯಿತು, ಮತ್ತೆ ಒಂದೊಂದೇ ಸಂಖ್ಯೆ ತುಂಬುವ ಕೆಲಸ ತಪ್ಪುತ್ತದೆ. ಎರಡನೆಯದು ಯುಪಿಎಸ್. ಮನೆಯ ಇನ್ವರ್ಟರ್ ಇದೆಯಲ್ಲ ಎನ್ನಬೇಡಿ. ಸಾಧಾರಣ ಮೋಡ್‌ನಲ್ಲಿರುವ ಇನ್ವರ್ಟರ್ ಬ್ಯಾಟರಿಗೆ ಬದಲಾಗುವ ಹೊತ್ತಿನಲ್ಲಿ ಫ್ಯಾನು ನಿಲ್ಲುವುದಿಲ್ಲ, ಲೈಟು ಒಮ್ಮೆ ಮಿಣುಕುತ್ತದೆ ಅಷ್ಟೇ, ಆದರೆ ಕಂಪ್ಯೂಟರ್ ಆಫ್ ಆಗಿಬಿಡಬಹುದು. ನಿಮ್ಮ ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದೆಯಾ ನೋಡಿ. ಇದ್ದರೆ ಅದಕ್ಕೆ ಹಾಕಿ ನೋಡಬಹುದು.

ಆಫ್ಟರ್‌ಬರ್ನರ್‌ನಲ್ಲಿ ಹಾಕಿದ್ದನ್ನು ಯಾರೋ ವಾಪಸ್ ತೆಗೆಯುತ್ತಿದ್ದಾರೆ ಅನಿಸುತ್ತಿದೆ.

ಸರಿಯಾಗಿಯೇ ಅನಿಸಿದೆ. ಕಾರ್ಡ್ ಕಂಪನಿಯ ಡಬ್ಬಿಯ ಜೊತೆ ಬಂದ ಸಾಫ್ಟ್‌ವೇರ್, ಎನ್ವಿಡಿಯಾ ಆಪ್‌ನ ತಾನೇ ಟ್ಯೂನ್ ಮಾಡುವ ಆಯ್ಕೆ, ಅಡ್ರಿನಲಿನ್‌ನ ಟ್ಯೂನಿಂಗ್, ಇವುಗಳಲ್ಲಿ ಯಾವುದೋ ಒಂದು ಹಿಂದೆ ಕೂತು ಕೆಲಸ ಮಾಡುತ್ತಿದೆ. ಒಂದೇ ಒರೆಯಲ್ಲಿ ಎರಡು ಕತ್ತಿ ಹಿಡಿಸುವುದಿಲ್ಲ. ಕಾರ್ಡು ಕೊನೆಗೆ ಹೇಳಿದವರ ಮಾತು ಕೇಳುತ್ತದೆ. ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಅನ್‌ಇನ್‌ಸ್ಟಾಲ್ ಮಾಡಿ. ಲೈಟಿಂಗ್‌ಗಾಗಿ ಕಂಪನಿ ಸಾಫ್ಟ್‌ವೇರ್ ಬೇಕೇ ಬೇಕು ಎನ್ನುವವರು ಅದರಲ್ಲಿ ಓವರ್‌ಕ್ಲಾಕ್ ಭಾಗವನ್ನು ಡಿಫಾಲ್ಟ್‌ಗೆ ಇಟ್ಟು, ಸ್ಟಾರ್ಟಪ್‌ನಲ್ಲಿ ಅಪ್ಲೈ ಆಗದಂತೆ ಮಾಡಿಕೊಳ್ಳಿ.

ಅಡ್ರಿನಲಿನ್‌ನಲ್ಲಿ ಗೇಮಿಗೊಂದು ಬೇರೆ ಟ್ಯೂನಿಂಗ್ ಇಡುವುದಕ್ಕೂ ಬರುತ್ತದೆ. ಎಲ್ಲ ಗೇಮಿನಲ್ಲೂ ಸರಿ, ಒಂದೇ ಗೇಮಿನಲ್ಲಿ ಹತ್ತುತ್ತಿಲ್ಲ ಎಂದರೆ ಆ ಗೇಮಿನ ಪ್ರೊಫೈಲ್ ತೆರೆದು ನೋಡಿ.

10 ಮೆಗಾಹರ್ಟ್ಸ್ ಜಾಸ್ತಿ ಮಾಡಿದೆ. ಒಂದು ಚೂರೂ ಬದಲಾಗಲಿಲ್ಲ.

ಕ್ಲಾಕ್ ಏರುವುದು ಮೆಟ್ಟಿಲಿನ ಹಾಗೆ, ಇಳಿಜಾರಿನ ಹಾಗಲ್ಲ. ಎನ್ವಿಡಿಯಾ 20ರ ಸರಣಿ ಮತ್ತು ಅದರ ನಂತರದ ಕಾರ್ಡುಗಳಲ್ಲಿ ಒಂದು ಮೆಟ್ಟಿಲು 15 ಮೆಗಾಹರ್ಟ್ಸ್. ಜಿಟಿಎಕ್ಸ್ 10ರ ಸರಣಿಯಲ್ಲಿ ಸುಮಾರು 12, 13. ಅರ್ಧ ಮೆಟ್ಟಿಲಿನ ಮೇಲೆ ಕಾಲಿಡಲು ಆಗುವುದಿಲ್ಲ. 15, 30, 45 ಹೀಗೆ ಏರಿಸಿ.

ಜನವರಿಯಲ್ಲಿ ಚೆನ್ನಾಗಿ ಓಡುತ್ತಿದ್ದ ಓವರ್‌ಕ್ಲಾಕ್ ಮೇ ತಿಂಗಳಲ್ಲಿ ಯಾಕೆ ಕೆಲಸ ಮಾಡುತ್ತಿಲ್ಲ? ಸಂಖ್ಯೆ ಬದಲಾಯಿಸಿಲ್ಲ.

ಈ ಪುಟದಲ್ಲಿ ಒಂದೇ ಪ್ರಶ್ನೆ ಓದುತ್ತೀರಿ ಅಂದರೆ ಇದನ್ನು ಓದಿ.

ಎನ್ವಿಡಿಯಾ 2012ರಲ್ಲಿ ಜಿಟಿಎಕ್ಸ್ 680 ಜೊತೆ ಜಿಪಿಯು ಬೂಸ್ಟ್ ಎಂಬುದನ್ನು ತಂದಿತು. ಅಂದಿನಿಂದ ಕಾರ್ಡಿನ ಸ್ಪೀಡು ಒಂದು ನಿಂತ ಸಂಖ್ಯೆ ಅಲ್ಲ. ಬಿಸಿ ಎಷ್ಟಿದೆ, ಎಷ್ಟು ವಾಟ್ ಎಳೆಯುತ್ತಿದ್ದೇನೆ, ಎಷ್ಟು ವೋಲ್ಟ್ ಸಿಗುತ್ತಿದೆ ಎಂದು ಕಾರ್ಡು ಕ್ಷಣಕ್ಷಣಕ್ಕೂ ನೋಡಿಕೊಂಡು ತನ್ನ ಸ್ಪೀಡನ್ನು ತಾನೇ ತೀರ್ಮಾನಿಸುತ್ತದೆ. ನೀವು 120 ಮೆಗಾಹರ್ಟ್ಸ್ ಜಾಸ್ತಿ ಎಂದು ಕೊಟ್ಟಾಗ "ಇಷ್ಟೇ ಸ್ಪೀಡಿಗೆ ಓಡು" ಎಂದು ಹೇಳಿದಂತಲ್ಲ. "ನೀನು ಎಲ್ಲಿರುತ್ತೀಯೋ ಅಲ್ಲಿಂದ 120 ಮೇಲೆ ಇರು" ಎಂದು ಹೇಳಿದಂತೆ. ಅದು ಇರುವ ಜಾಗವೇ ಕೆಳಗಿಳಿದರೆ ನಿಮ್ಮ 120 ಅಲ್ಲೇ ಕರಗಿಹೋಗುತ್ತದೆ. ಬಿಸಿ ಏರುತ್ತಾ ಹೋದಂತೆ ಕಾರ್ಡು ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಅದು ಗುರಿ ಇಟ್ಟುಕೊಂಡ ತಾಪ, ಹಲವು ಎನ್ವಿಡಿಯಾ ಕಾರ್ಡುಗಳಲ್ಲಿ 83 ಡಿಗ್ರಿ, ಅಲ್ಲಿಗೆ ಮುಟ್ಟಿದರೆ ಮೆಟ್ಟಿಲಿನ ಲೆಕ್ಕ ಬಿಟ್ಟು ಸೀದಾ ಕೆಳಗೆ ಬರುತ್ತದೆ.

ಈಗ ನಮ್ಮ ಊರಿನ ಲೆಕ್ಕ ಹಾಕಿ. ಕಾರ್ಡಿನ ಫ್ಯಾನು ಕೋಣೆಯ ಗಾಳಿಯನ್ನೇ ಎಳೆದು ಬೀಸುತ್ತದೆ. ಕೋಣೆ 15 ಡಿಗ್ರಿ ಜಾಸ್ತಿ ಬಿಸಿಯಾದರೆ ಕಾರ್ಡೂ ಹೆಚ್ಚುಕಡಿಮೆ ಅಷ್ಟೇ ಜಾಸ್ತಿ ಬಿಸಿಯಾಗುತ್ತದೆ. ಜನವರಿ ರಾತ್ರಿ 25 ಡಿಗ್ರಿ ಕೋಣೆಯಲ್ಲಿ 68ಕ್ಕೆ ನಿಲ್ಲುತ್ತಿದ್ದ ಕಾರ್ಡು, ಮೇ ಮಧ್ಯಾಹ್ನ 40 ಡಿಗ್ರಿ ಕೋಣೆಯಲ್ಲಿ 83 ಮುಟ್ಟುತ್ತದೆ. ಆರ್‌ಸಿಸಿ ಮಾಳಿಗೆಯ ಕೆಳಗಿನ ಮಹಡಿ ಕೋಣೆಯಾದರೆ ಕೇಳಲೇಬೇಡಿ. ತಂಪು ದೇಶದಲ್ಲಿ ಕೂತವರು ಮಾಡಿದ ವಿಡಿಯೊ ನೋಡಿ ಅದೇ ಸಂಖ್ಯೆ ಹಾಕಿದರೆ ರಾಯಚೂರಿನಲ್ಲಿ ಹತ್ತುವುದಿಲ್ಲ.

ಮತ್ತೆ ಧೂಳು. ಇದು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಸಂಡೂರು, ತೋರಣಗಲ್ಲು ಕಡೆಯಿಂದ ಬರುವ ಕಾರ್ಡು ಬಿಚ್ಚಿದರೆ ಹೀಟ್‌ಸಿಂಕ್ ಪೂರ್ತಿ ಕೆಂಪು, ಅದಿರಿನ ನುಣ್ಣನೆಯ ಧೂಳು. ಗಂಗಾವತಿ, ಕಾರಟಗಿ ಕಡೆಯದಾದರೆ ರೈಸ್‌ಮಿಲ್ಲಿನ ತೌಡು, ಹೊಟ್ಟಿನ ಧೂಳು. ರಾಯಚೂರಿನಲ್ಲಿ ಹತ್ತಿ ಜಿನ್ನಿಂಗ್ ಹತ್ತಿರ ಮನೆ ಇದ್ದವರದು ಇನ್ನೊಂದು ಥರ, ಫ್ಯಾನಿನ ಹಿಂದೆ ಎಳೆಎಳೆಯಾಗಿ ಸೇರಿ ತೆಳುವಾದ ಕಂಬಳಿಯೇ ಆಗಿರುತ್ತದೆ. ನಮ್ಮ ಜೀನ್ಸ್ ಯೂನಿಟ್‌ಗಳ ಕಂಪ್ಯೂಟರಿನಲ್ಲಿ ನೀಲಿ ನಾರು. ನೋಡಿದ ಕೂಡಲೇ ಯಾವ ಊರಿನ ಕಾರ್ಡು ಎಂದು ಹೇಳಬಲ್ಲೆ! ಮೂರು ತಿಂಗಳಿಗೊಮ್ಮೆ ಬ್ಲೋವರ್ ಹೊಡೆಯಿರಿ. ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿಂದ ಹಿಡಿದುಕೊಳ್ಳಿ, ಗಾಳಿಗೆ ಗಿರ್ರನೆ ತಿರುಗಿ ಬೇರಿಂಗ್ ಕೆಡುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ, ಅದರಲ್ಲಿ ನೀರು ಬರುತ್ತದೆ. ನಾಲ್ಕೈದು ವರ್ಷ ಹಳೆಯ ಕಾರ್ಡಾದರೆ ಥರ್ಮಲ್ ಪೇಸ್ಟ್ ಕೂಡ ಒಣಗಿರುತ್ತದೆ, ಬದಲಾಯಿಸಿದರೆ ಗೆಲುವು.

ಕ್ಯಾಬಿನೆಟ್ಟಿನ ಬಾಗಿಲು ತೆಗೆದು ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟರೆ ಏನಾಗುತ್ತದೆ ಎಂದು ಕೇಳುತ್ತಾರೆ. ಪರೀಕ್ಷೆಗೆ ಒಳ್ಳೆಯದು. ಹಾಗೆ ಇಟ್ಟಾಗ ಕ್ಲಾಕ್ ಮೇಲೆ ಬಂದರೆ ತೊಂದರೆ ಬಿಸಿಯದೇ ಎಂದು ಖಾತ್ರಿ ಆಗುತ್ತದೆ. ಹಾಗೇ ಬಿಟ್ಟರೆ ಮಾತ್ರ ಧೂಳು ಇನ್ನೂ ಬೇಗ ತುಂಬುತ್ತದೆ. ಏರ್ ಕೂಲರನ್ನು ಕ್ಯಾಬಿನೆಟ್ಟಿಗೆ ನೇರವಾಗಿ ತಿರುಗಿಸುವುದು ಬೇಡವೇ ಬೇಡ, ಹಸಿ ಗಾಳಿ ಅದು.

ಬಿಸಿ ಇಲ್ಲ, 65 ಡಿಗ್ರಿಯೇ ಇದೆ. ಆದರೂ ಕ್ಲಾಕ್ ಮೇಲೆ ಹೋಗುತ್ತಿಲ್ಲ.

ಹಾಗಾದರೆ ಬಹುಶಃ ವಾಟ್ ಸಾಲದೆ ಬಂದಿದೆ. ಎನ್ವಿಡಿಯಾ ಕಾರ್ಡಿದ್ದರೆ ಜಿಪಿಯು-ಝಡ್‌ನ ಸೆನ್ಸರ್ ಪುಟದಲ್ಲಿ ಪರ್ಫ್‌ಕ್ಯಾಪ್ ರೀಸನ್ ಎಂಬ ಸಾಲು ಇರುತ್ತದೆ. ಕಾರ್ಡು ಯಾಕೆ ನಿಂತಿದೆ ಎಂದು ತನ್ನ ಬಾಯಿಂದಲೇ ಹೇಳುವ ಜಾಗ ಅದು. ಅಲ್ಲಿ ಪವರ್ ಎಂಬುದರ ಮೊಟಕು ರೂಪ ಕಂಡರೆ ಪವರ್ ಲಿಮಿಟ್‌ಗೆ, ಅಂದರೆ ಕಾರ್ಡು ಎಳೆಯಬಹುದಾದ ವಾಟ್‌ನ ಮಿತಿಗೆ ಹೊಡೆಯುತ್ತಿದೆ. ಥರ್ಮಲ್ ಎಂಬುದರ ಮೊಟಕು ಕಂಡರೆ ಬಿಸಿ. ವಿರೆಲ್ ಎಂದಿದ್ದರೆ ಆ ಕಾರ್ಡಿಗೆ ಕೊಡಬಹುದಾದ ಗರಿಷ್ಠ ವೋಲ್ಟೇಜ್ ಮುಟ್ಟಿದೆ ಎಂದರ್ಥ, ಅದು ತಪ್ಪಲ್ಲ, ಒಳ್ಳೆಯ ಲಕ್ಷಣವೇ. ಐಡಲ್ ಎಂದಿದ್ದರೆ ಕಾರ್ಡಿಗೆ ಕೆಲಸವೇ ಇಲ್ಲ.

ಪವರ್ ಎಂದು ಬಂದರೆ ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ ಸ್ಲೈಡರನ್ನು ಬಲಕ್ಕೆ ಎಳೆಯಿರಿ. ಕೋರ್ ಕ್ಲಾಕ್ ಮುಟ್ಟುವ ಮೊದಲೇ ಇದನ್ನು ಮಾಡಬೇಕು. ಆದರೆ ಜಿಟಿಎಕ್ಸ್ 1050 ಟಿಐ, 1650 ಥರದ ಕಾರ್ಡುಗಳಲ್ಲಿ ಒಂದು ಮಿತಿ ಇದೆ. ಅವು 75 ವಾಟ್ ಕಾರ್ಡುಗಳು. ಮದರ್‌ಬೋರ್ಡಿನ ಸ್ಲಾಟ್ ಕೊಡುವುದೇ 75 ವಾಟ್. ಬೇರೆ ಪವರ್ ಕೇಬಲ್ ಇಲ್ಲದ ಮಾಡೆಲ್ ಆದರೆ ಹಲವು ಸಲ ಸ್ಲೈಡರ್ 100ರ ಮೇಲೆ ಹೋಗುವುದೇ ಇಲ್ಲ. ಬಿಂದಿಗೆಯಲ್ಲಿ ಇದ್ದಷ್ಟೇ ನೀರು. 6 ಪಿನ್ ಕೇಬಲ್ ಇನ್ನೂ 75 ವಾಟ್ ತರುತ್ತದೆ, 8 ಪಿನ್ 150 ವಾಟ್.

ಎಸ್‌ಎಂಪಿಎಸ್, ಅಂದರೆ ಕ್ಯಾಬಿನೆಟ್ಟಿನೊಳಗೆ ಎಲ್ಲದಕ್ಕೂ ಕರೆಂಟು ಕೊಡುವ ಪೆಟ್ಟಿಗೆಯ ಬಗ್ಗೆಯೂ ಒಂದು ಮಾತು. ಲೇಬಲ್ ಮೇಲೆ 450 ವಾಟ್ ಎಂದು ಅಚ್ಚಾಗಿದ್ದ ಮಾತ್ರಕ್ಕೆ ಅದು 450 ಕೊಡುತ್ತದೆ ಎಂದಲ್ಲ. ಎತ್ತಿ ನೋಡಿದರೆ ಖಾಲಿ ಡಬ್ಬದ ಹಾಗೆ ಹಗುರ ಇರುವವು ಬಹಳ ಇವೆ. ಅಂಥದ್ದರಲ್ಲಿ ಓವರ್‌ಕ್ಲಾಕ್ ಹತ್ತದೆ ಇರುವುದಿಲ್ಲ, ಹತ್ತಿದ ಕೂಡಲೇ ಕಂಪ್ಯೂಟರ್ ಟಪ್ ಅಂತ ಆಫ್ ಆಗುತ್ತದೆ. ನನ್ನ ಸ್ವಂತ ಮೆಷಿನ್‌ನಲ್ಲಿ ಇದನ್ನು ಕಂಡುಹಿಡಿಯಲು ನನಗೇ ಎರಡು ವಾರ ಹಿಡಿದಿತ್ತು. ಡ್ರೈವರ್ ಮೂರು ಸಲ ಬದಲಾಯಿಸಿದ್ದೆ, ವಿಂಡೋಸ್ ಒಂದು ಸಲ. ಊರವರಿಗೆಲ್ಲ ಹೇಳುವವನು ಎಸ್‌ಎಂಪಿಎಸ್ ಮಾತ್ರ ನೋಡಿರಲಿಲ್ಲ.

ಫರ್‌ಮಾರ್ಕ್ ಹಾಕಿ ನೋಡಿದೆ, ಓವರ್‌ಕ್ಲಾಕ್ ಮಾಡಿದರೂ ಕ್ಲಾಕ್ ಕಡಿಮೆಯೇ ತೋರಿಸುತ್ತದೆ.

ಫರ್‌ಮಾರ್ಕ್ ಕಾರ್ಡನ್ನು ದಣಿಸಿ ನೋಡುವ ಸಾಫ್ಟ್‌ವೇರ್, ಕಾರ್ಡಿನ ಮೇಲೆ ಕಲ್ಲು ಹೇರಿದಂಥ ಭಾರ. ಮೊದಲ ಕ್ಷಣದಲ್ಲೇ ಪವರ್ ಲಿಮಿಟ್ ಮುಟ್ಟುತ್ತದೆ, ಕ್ಲಾಕ್ ಇಳಿಯುತ್ತದೆ. ಇದಕ್ಕೆ ಅದು ಸರಿಯಾದ ಪರೀಕ್ಷೆ ಅಲ್ಲ. ಯೂನಿಜಿನ್ ಹೆವನ್, ಸೂಪರ್‌ಪೊಸಿಷನ್ ಥರದ ಬೆಂಚ್‌ಮಾರ್ಕ್ (ಕಾರ್ಡಿನ ಸ್ಪೀಡು ಅಳೆದು ಸ್ಕೋರ್ ಕೊಡುವ ಸಾಫ್ಟ್‌ವೇರ್) ಅಥವಾ ನೀವು ದಿನಾ ಆಡುವ ಗೇಮಿನ ಒಂದೇ ದೃಶ್ಯ ಸಾಕು.

ಮೆಮೊರಿಗೆ 500 ಕೊಟ್ಟರೆ ಜಿಪಿಯು-ಝಡ್‌ನಲ್ಲಿ 125 ಮಾತ್ರ ಏರಿದೆ. ಉಳಿದದ್ದು ಎಲ್ಲಿ ಹೋಯಿತು?

ಎಲ್ಲಿಗೂ ಹೋಗಿಲ್ಲ. ಒಂದೇ ಮೆಮೊರಿಯನ್ನು ಮೂವರು ಮೂರು ಥರ ಎಣಿಸುತ್ತಾರೆ, ಸೇರು ಬೇರೆ, ಕೆಜಿ ಬೇರೆ ಎಂಬ ಹಾಗೆ. ಜಿಟಿಎಕ್ಸ್ 1660 ಸೂಪರ್ ತೆಗೆದುಕೊಳ್ಳಿ. ಡಬ್ಬಿಯ ಮೇಲೆ 14 ಜಿಬಿಪಿಎಸ್, ಆಫ್ಟರ್‌ಬರ್ನರ್‌ನಲ್ಲಿ ಸುಮಾರು 7000, ಜಿಪಿಯು-ಝಡ್‌ನಲ್ಲಿ 1750. ಮೂರೂ ಸರಿ. ಆಫ್ಟರ್‌ಬರ್ನರ್‌ನ ನಾಲ್ಕನೇ ಒಂದು ಭಾಗ ಜಿಪಿಯು-ಝಡ್‌ನಲ್ಲಿ ಕಾಣುತ್ತದೆ. 500ಕ್ಕೆ 125. ಲೆಕ್ಕ ಸರಿಹೋಯಿತು ಅಲ್ವಾ?

ಮೆಮೊರಿ ಏರಿಸಿದಷ್ಟೂ ಫ್ರೇಮ್ (ಸೆಕೆಂಡಿಗೆ ಪರದೆ ಮೇಲೆ ಬರುವ ಚಿತ್ರಗಳು) ಕಡಿಮೆ ಆಗುತ್ತಿದೆ. ಇದೆಂಥಾ ವಿಚಿತ್ರ?

ಜಿಡಿಡಿಆರ್6ಎಕ್ಸ್ ಥರದ ಮೆಮೊರಿ ಇರುವ ಕಾರ್ಡುಗಳಲ್ಲಿ, ಕಳಿಸಿದ ಡೇಟಾ ಕೆಟ್ಟಿತು ಎಂದು ಗೊತ್ತಾದರೆ ಅದನ್ನೇ ಮತ್ತೆ ಕಳಿಸುತ್ತದೆ. ಮೊದಲಾದರೆ ಮೆಮೊರಿ ಜಾಸ್ತಿ ಏರಿಸಿದಾಗ ಪರದೆ ಮೇಲೆ ಬಣ್ಣಬಣ್ಣದ ಚುಕ್ಕಿ ಬರುತ್ತಿತ್ತು, ಗೇಮ್ ಬೀಳುತ್ತಿತ್ತು, ಸಾಕು ಎಂದು ಗೊತ್ತಾಗುತ್ತಿತ್ತು. ಈಗ ಬೀಳುವುದಿಲ್ಲ. ಒಳಗೊಳಗೇ ಅದೇ ಕೆಲಸ ಎರಡೆರಡು ಸಲ ಮಾಡುತ್ತಾ ನಿಧಾನ ಆಗುತ್ತದೆ. ಆದ್ದರಿಂದ ಸ್ಲೈಡರಿನ ಸಂಖ್ಯೆ ನಂಬಬೇಡಿ, ಬೆಂಚ್‌ಮಾರ್ಕಿನ ಸ್ಕೋರ್ ನೋಡಿ. 100, 100 ಏರಿಸುತ್ತಾ ಪ್ರತಿ ಸಲ ಬರೆದಿಟ್ಟುಕೊಳ್ಳಿ. ಸ್ಕೋರ್ ಇಳಿಯಲು ಶುರುವಾದ ಕಡೆಯಿಂದ 200 ಹಿಂದೆ ಬನ್ನಿ.

ಸ್ಲೈಡರ್‌ಗಳೇ ಬೂದು ಬಣ್ಣಕ್ಕೆ ತಿರುಗಿವೆ, ಅಲುಗಾಡುತ್ತಿಲ್ಲ.

ಮೊದಲು ಡಿವೈಸ್ ಮ್ಯಾನೇಜರ್ ತೆರೆದು ಕಾರ್ಡಿನ ಹೆಸರು ಬರುತ್ತಿದೆಯಾ ನೋಡಿ. ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದಿದ್ದರೆ ಡ್ರೈವರೇ ಇಲ್ಲ. ಬರೀ ವೋಲ್ಟೇಜ್ ಸ್ಲೈಡರ್ ಮಾತ್ರ ಸತ್ತಿದ್ದರೆ ಆಫ್ಟರ್‌ಬರ್ನರ್ ಸೆಟ್ಟಿಂಗ್ಸ್‌ನಲ್ಲಿ ಅನ್‌ಲಾಕ್ ವೋಲ್ಟೇಜ್ ಕಂಟ್ರೋಲ್‌ಗೆ ಟಿಕ್ ಹಾಕಿ, ಸಾಫ್ಟ್‌ವೇರ್ ಮುಚ್ಚಿ ತೆರೆಯಿರಿ. ಅದು ಸಿಕ್ಕರೂ ದೊಡ್ಡ ಲಾಭವಿಲ್ಲ ಎಂಬುದು ನನ್ನ ಅನುಭವ, ಬಿಸಿ ಮಾತ್ರ ಗ್ಯಾರಂಟಿ.

ಎರಡು ಗ್ರಾಫಿಕ್ಸ್ ಇರುವ ಮೆಷಿನ್‌ನಲ್ಲಿ ಆಫ್ಟರ್‌ಬರ್ನರ್ ತಪ್ಪಾದದ್ದನ್ನು ಹಿಡಿದುಕೊಂಡಿರಬಹುದು. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಹೆಸರು ತೋರಿಸುತ್ತಿದ್ದರೆ ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ಸರಿಯಾದ ಕಾರ್ಡು ಆರಿಸಿ.

ಲ್ಯಾಪ್‌ಟಾಪ್‌ನಲ್ಲಿ ಪವರ್ ಲಿಮಿಟ್ ಎಳೆಯುವುದಕ್ಕೇ ಬರುತ್ತಿಲ್ಲ.

ಬರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ವಾಟ್ ಎಷ್ಟು ಎಂಬುದನ್ನು ತಯಾರಿಸಿದ ಕಂಪನಿ ಫರ್ಮ್‌ವೇರಿನಲ್ಲೇ ಕಟ್ಟಿಹಾಕಿರುತ್ತದೆ. ಕೆಲವದರಲ್ಲಿ ಕೋರ್ ಕ್ಲಾಕನ್ನೂ. ನಿಮ್ಮ ಕೈಯಲ್ಲಿ ಇರುವುದು ಕಂಪನಿಯ ಸಾಫ್ಟ್‌ವೇರಿನ ಪರ್ಫಾರ್ಮೆನ್ಸ್ ಮೋಡ್. ಜೊತೆಗೆ ಬಂದ ಒರಿಜಿನಲ್ ಚಾರ್ಜರ್ ಹಾಕಿರಬೇಕು. ಬ್ಯಾಟರಿಯಲ್ಲಿ ಓಡಿಸಿ ಓವರ್‌ಕ್ಲಾಕ್ ಹತ್ತಲಿಲ್ಲ ಎನ್ನುವುದರಲ್ಲಿ ಅರ್ಥವಿಲ್ಲ. ಕೆಲಸ ಇಲ್ಲದಾಗ ಕಾರ್ಡು ಪೂರ್ತಿ ಆಫ್ ಆಗುವ ಲ್ಯಾಪ್‌ಟಾಪ್‌ಗಳೂ ಇವೆ, ಆಗ ಸಾಫ್ಟ್‌ವೇರಿನಲ್ಲಿ ಸಂಖ್ಯೆಯೇ ಕಾಣುವುದಿಲ್ಲ. ಗೇಮ್ ತೆರೆದ ಮೇಲೆ ನೋಡಿ.

ಕ್ಲಾಕ್ ಏರಿದೆ, ಕಣ್ಣಿಗೆ ಕಾಣುತ್ತಿದೆ. ಫ್ರೇಮ್ ಮಾತ್ರ 60 ದಾಟುತ್ತಿಲ್ಲ.

60ಕ್ಕೇ ಸರಿಯಾಗಿ ನಿಂತಿದ್ದರೆ ವಿ-ಸಿಂಕ್ (ಫ್ರೇಮನ್ನು ಮಾನಿಟರಿನ ವೇಗಕ್ಕೆ ಕಟ್ಟುವ ಆಯ್ಕೆ) ಆನ್ ಇದೆ, ಅಥವಾ ಗೇಮಿನಲ್ಲಿ ಫ್ರೇಮ್ ಮಿತಿ ಇದೆ. 60 ಹರ್ಟ್ಸ್ ಮಾನಿಟರಿನಲ್ಲಿ ಅದಕ್ಕಿಂತ ಜಾಸ್ತಿ ಕಾಣುವುದೂ ಇಲ್ಲ. 60 ಅಲ್ಲದ ಬೇರೆ ಯಾವುದೋ ಸಂಖ್ಯೆಯ ಸುತ್ತ ತೂಗಾಡುತ್ತಿದ್ದು, ಕಾರ್ಡಿನ ಬಳಕೆ 60, 70 ಪರ್ಸೆಂಟ್ ಮಾತ್ರ ಇದ್ದರೆ ಹಳೆಯ ಪ್ರೊಸೆಸರ್ ಕೆಲಸ ಒದಗಿಸಲಾರದೆ ಸುಸ್ತಾಗಿದೆ. ಚಕ್ಕಡಿಗೆ ಒಂದೇ ಎತ್ತು ಬಲವಾದದ್ದು ಕಟ್ಟಿದ ಹಾಗೆ.

ಇನ್ನೊಂದು, ದಯವಿಟ್ಟು ಹಿಂದೆ ಬಗ್ಗಿ ನೋಡಿ. ಮಾನಿಟರ್ ಕೇಬಲ್ ಎಲ್ಲಿಗೆ ಹೋಗಿದೆ? ಗ್ರಾಫಿಕ್ಸ್ ಕಾರ್ಡಿನ ಪೋರ್ಟಿಗೋ, ಮದರ್‌ಬೋರ್ಡಿನ ಎಚ್‌ಡಿಎಂಐಗೋ? ದೀಪಾವಳಿಗೆ ಮನೆ ಸ್ವಚ್ಛ ಮಾಡಿದ ಮರುವಾರ ಈ ಕೇಸು ತಪ್ಪದೆ ಬರುತ್ತದೆ.

ಮದುವೆ ವಿಡಿಯೊ ರೆಂಡರ್ ಮಾಡುವಾಗ ಮೆಮೊರಿ ಕ್ಲಾಕ್ ತಾನೇ ಇಳಿಯುತ್ತದೆ. ಗೇಮಿನಲ್ಲಿ ಸರಿ ಇರುತ್ತದೆ.

ಎನ್ವಿಡಿಯಾ ಕಾರ್ಡುಗಳಲ್ಲಿ ಕುಡಾ (CUDA) ಎಂಬ ಥರದ ಕೆಲಸ ಶುರುವಾದರೆ, ಅಂದರೆ ಎಡಿಟಿಂಗ್ ಮತ್ತು ತ್ರೀಡಿ ಸಾಫ್ಟ್‌ವೇರ್‌ಗಳು ಕಾರ್ಡನ್ನು ಲೆಕ್ಕಕ್ಕೆ ಬಳಸಿದರೆ, ಡ್ರೈವರ್ ಕಾರ್ಡನ್ನು ಪಿ2 ಎಂಬ ಸ್ಥಿತಿಯಲ್ಲಿ ಇಡುತ್ತದೆ. ಅಲ್ಲಿ ಮೆಮೊರಿ ಸ್ವಲ್ಪ ಕೆಳಗೆ. ತಪ್ಪು ಲೆಕ್ಕ ಬರಬಾರದು ಎಂಬ ಎಚ್ಚರ ಅದು. ಹಾಗೇ ಬಿಡಿ. ಕೊನೆಯಲ್ಲಿ ಫೈಲ್ ಎಕ್ಸ್‌ಪೋರ್ಟ್ ಮಾಡುವ ಎನ್‌ವೆಂಕ್ (NVENC) ಎಂಬುದು ಚಿಪ್ಪಿನೊಳಗೆ ಬೇರೆಯೇ ಭಾಗ, ಕೋರ್ ಕ್ಲಾಕ್ ಏರಿಸಿದರೆ ಅದರಲ್ಲಿ ಹೇಳಿಕೊಳ್ಳುವಂಥ ಉಳಿತಾಯ ಇಲ್ಲ. ನಾಳೆ ಬೆಳಿಗ್ಗೆ ಆಲ್ಬಂ ಕೊಡಬೇಕಾದವರು ಓವರ್‌ಕ್ಲಾಕ್ ತೆಗೆದಿಟ್ಟು ರೆಂಡರ್ ಹಾಕಿ ಮಲಗುವುದು ಜಾಣತನ.

ಪರದೆ ಒಮ್ಮೆ ಕಪ್ಪಾಗಿ ವಾಪಸ್ ಬಂತು. ಆಮೇಲೆ ಕ್ಲಾಕ್ ಮೇಲೇಳಲೇ ಇಲ್ಲ.

ಓವರ್‌ಕ್ಲಾಕ್ ಜಾಸ್ತಿ ಆಯಿತು. ಕಾರ್ಡು 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ಬೀಳಿಸಿ ಎಬ್ಬಿಸುತ್ತದೆ. ಇವೆಂಟ್ ವ್ಯೂವರ್‌ನಲ್ಲಿ 4101 ಸಂಖ್ಯೆಯ ದಾಖಲೆ ಇದ್ದರೆ ಇದೇ. ಎಬ್ಬಿಸಿದ ಮೇಲೆ ನಿಮ್ಮ ಸೆಟ್ಟಿಂಗ್ ಹೋಗಿರಬಹುದು, ಕ್ಲಾಕ್ ಕೆಳಗೇ ಸಿಕ್ಕಿಹಾಕಿಕೊಂಡಿರಬಹುದು. ರೀಸ್ಟಾರ್ಟ್ ಮಾಡಿ, ಎರಡು ಮೆಟ್ಟಿಲು ಕೆಳಗಿಳಿದು ಹಾಕಿ.

ಡ್ರೈವರ್ ಅಪ್‌ಡೇಟ್ ಆದ ಮೇಲೆ ಹತ್ತುತ್ತಿಲ್ಲ.

ಆಫ್ಟರ್‌ಬರ್ನರ್‌ನಲ್ಲಿ ರೀಸೆಟ್ ಒತ್ತಿ, ಹೊಸದಾಗಿ ಹಾಕಿ ಸೇವ್ ಮಾಡಿ. ಹಳೆಯ ಪ್ರೊಫೈಲ್ ನಂಬಬೇಡಿ. ಅದಕ್ಕೂ ಬಗ್ಗದಿದ್ದರೆ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಬಳಸಿ, ಸೇಫ್ ಮೋಡ್‌ನಲ್ಲಿ ಹಳೆಯದನ್ನು ಪೂರ್ತಿ ಕಿತ್ತು ಹೊಸದಾಗಿ ಹಾಕಿ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಹೆಲ್ಪ್ ಮೆನುವಿನಲ್ಲಿ ಡೀಬಗ್ ಮೋಡ್ ಎಂಬುದಕ್ಕೆ ಟಿಕ್ ಇದ್ದರೆ ತೆಗೆಯಿರಿ, ಅದು ಕಾರ್ಡನ್ನು ಎನ್ವಿಡಿಯಾದ ಮೂಲ ಕ್ಲಾಕಿಗೆ ಎಳೆದುಬಿಡುತ್ತದೆ.

ಆಫ್ಟರ್‌ಬರ್ನರ್ ಎಲ್ಲಿಂದ ಇಳಿಸಿಕೊಂಡರೂ ನಡೆಯುತ್ತದಾ?

ಇಲ್ಲ. 2021ರಲ್ಲಿ ಅದರ ಅಧಿಕೃತ ಸೈಟನ್ನೇ ಹೋಲುವ ನಕಲಿ ಸೈಟಿನ ಬಗ್ಗೆ ಎಂಎಸ್ಐ ತಾನೇ ಎಚ್ಚರಿಸಿತ್ತು, ಅದರಲ್ಲಿ ವೈರಸ್ ಇತ್ತು. ಗೆಳೆಯನ ಪೆನ್‌ಡ್ರೈವಿನ ಹಳೆಯ ಆವೃತ್ತಿಯೂ ಬೇಡ. ಹಳೆಯದರ ಒಳಗಿನ ಡ್ರೈವರಿನಲ್ಲಿ 2019ರಲ್ಲಿ ಭದ್ರತೆಯ ದೋಷ ಸಿಕ್ಕಿತ್ತು. ಈಗಿನ ವಿಂಡೋಸ್ ಅಂಥ ಡ್ರೈವರನ್ನು ತಡೆಯಬಹುದು, ಆಗ ಸಾಫ್ಟ್‌ವೇರ್ ತೆರೆದರೂ ಸ್ಲೈಡರ್ ಕೆಲಸ ಮಾಡದು.

ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ತಂದಿದ್ದೇನೆ. ಏನು ಕೊಟ್ಟರೂ ಕೇಳುವುದಿಲ್ಲ.

ಕ್ರಿಪ್ಟೊ ಮೈನಿಂಗ್‌ನಲ್ಲಿ (ನಮ್ಮ ಅದಿರಿನ ಗಣಿ ಅಲ್ಲ, ಬಿಟ್‌ಕಾಯಿನ್ ಥರದ ಡಿಜಿಟಲ್ ಹಣದ್ದು) ದುಡಿದು ಬಂದ ಕಾರ್ಡಿರಬಹುದು. ಮೈನಿಂಗ್ ಮಾಡುವವರು ಬಯೋಸ್ (ಕಾರ್ಡಿನೊಳಗೆ ಬರೆದಿಟ್ಟ ಮೂಲ ಸಾಫ್ಟ್‌ವೇರ್) ತಿದ್ದಿ ಕೋರ್ ಕ್ಲಾಕ್, ವೋಲ್ಟೇಜ್ ಇಳಿಸಿ ಇಟ್ಟಿರುತ್ತಾರೆ. ಕಾರ್ಡಿನ ಅಂಚಿನಲ್ಲಿ ಚಿಕ್ಕ ಬಯೋಸ್ ಸ್ವಿಚ್ ಇದ್ದರೆ, ಕಂಪ್ಯೂಟರ್ ಆಫ್ ಮಾಡಿ ಅದನ್ನು ಆ ಕಡೆ ತಳ್ಳಿ ನೋಡಿ. ಅದೃಷ್ಟವಿದ್ದರೆ ಅಲ್ಲಿ ಮೂಲ ಬಯೋಸ್ ಉಳಿದಿರುತ್ತದೆ. ಜಿಪಿಯು-ಝಡ್‌ನಲ್ಲಿ ಶೇಡರ್ ಸಂಖ್ಯೆಯನ್ನೂ ನೋಡಿ. ಪೂರ್ತಿ 580ಗೆ 2304 ಇರಬೇಕು. 2048 ಇದ್ದರೆ ಅದು ಕಡಿಮೆಯ ಮಾದರಿ, ಎಷ್ಟು ಎಳೆದರೂ ಗೆಳೆಯನ 580 ಆಗುವುದಿಲ್ಲ. ಬೇರೆ ಬಯೋಸ್ ಬರೆಯುವ ಸಾಹಸಕ್ಕೆ ಒಬ್ಬರೇ ಕೈ ಹಾಕಬೇಡಿ.

ಲಿನಕ್ಸ್‌ನಲ್ಲಿ?

ಎಎಂಡಿ ಕಾರ್ಡಿಗೆ ಕರ್ನಲ್ ಸಾಲಿನಲ್ಲಿ ಪಿಪಿ ಫೀಚರ್ ಮಾಸ್ಕ್ ತೆರೆಯಬೇಕು, ಆಮೇಲೆ ಕೋರ್‌ಕಂಟ್ರೋಲ್ ಅಥವಾ ಲ್ಯಾಕ್ಟ್ ಬಳಸಬಹುದು. ಎಕ್ಸ್ ಮೇಲೆ ಓಡುವ ಎನ್ವಿಡಿಯಾ ಸೆಟ್ಟಿಂಗ್ಸ್‌ನಲ್ಲಿ ಕೂಲ್‌ಬಿಟ್ಸ್ ಹಾಕದೆ ಕ್ಲಾಕ್ ಬಾಕ್ಸ್ ಬರುವುದಿಲ್ಲ.

ಇಷ್ಟೆಲ್ಲ ಆದ ಮೇಲೆ, ನಮ್ಮ ಕಡೆ ಓವರ್‌ಕ್ಲಾಕ್ ಮಾಡಬೇಕಾ?

ನವೆಂಬರ್‌ನಿಂದ ಫೆಬ್ರವರಿವರೆಗೆ ಮಾಡಿಕೊಳ್ಳಿ. ಮಾರ್ಚ್ ಬಂತೆಂದರೆ ನಾನು ಅಂಡರ್‌ವೋಲ್ಟ್ ಮಾಡುತ್ತೇನೆ, ಅಂದರೆ ಅದೇ ಸ್ಪೀಡನ್ನು ಕಡಿಮೆ ವೋಲ್ಟೇಜಿನಲ್ಲಿ ಓಡಿಸುತ್ತೇನೆ. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಜೊತೆ ಎಫ್ ಒತ್ತಿದರೆ, ಎಷ್ಟು ವೋಲ್ಟೇಜಿಗೆ ಎಷ್ಟು ಕ್ಲಾಕ್ ಎಂದು ತೋರಿಸುವ ಒಂದು ಗೆರೆ ತೆರೆಯುತ್ತದೆ. ಉದಾಹರಣೆಗೆ 900 ಮಿಲಿವೋಲ್ಟ್ ಇರುವ ಚುಕ್ಕೆಯನ್ನು ನಿಮ್ಮ ಕಾರ್ಡು ಸಾಮಾನ್ಯವಾಗಿ ಓಡುವ ಕ್ಲಾಕಿಗೆ ಎತ್ತಿ, ಅದರ ಬಲಗಡೆಯವನ್ನೆಲ್ಲ ಅದೇ ಮಟ್ಟಕ್ಕೆ ಇಳಿಸಿ, ಅಪ್ಲೈ ಮಾಡಿ. ಗೇಮ್ ಬಿದ್ದರೆ ಒಂದೊಂದು ಮೆಟ್ಟಿಲು ಇಳಿಸಿ. ಅದೇ ಸ್ಪೀಡು, ಕಡಿಮೆ ವಾಟ್, ಕಡಿಮೆ ಬಿಸಿ. ಬಿಸಿಯಿಂದ ಇಳಿಯುತ್ತಿದ್ದ ಕಾರ್ಡು ಇಳಿಯದೆ ನಿಲ್ಲುವುದರಿಂದ ಬೇಸಿಗೆಯಲ್ಲಿ ಓವರ್‌ಕ್ಲಾಕ್‌ಗಿಂತ ಇದರಲ್ಲೇ ಜಾಸ್ತಿ ಫ್ರೇಮ್ ಬರುವುದುಂಟು. ಗೆರೆಯಲ್ಲಿ 1800 ಇಟ್ಟು ಗೇಮಿನಲ್ಲಿ 1785 ಕಂಡರೆ ಹತ್ತಿಲ್ಲ ಎಂದು ಫೋನ್ ಮಾಡಬೇಡಿ. ಬಿಸಿಗೆ ಒಂದು ಮೆಟ್ಟಿಲು ಇಳಿದಿದೆ ಅಷ್ಟೇ.

ಅಂಗಡಿಗೆ ತಂದರೆ ಏನೇನು ತರಬೇಕು?

ಮಾನಿಟರ್ ಬೇಡ, ಕೀಬೋರ್ಡ್ ಬೇಡ. ಆದರೆ ಕಾರ್ಡು ಮಾತ್ರ ಬಿಚ್ಚಿ ಪೇಪರಿನಲ್ಲಿ ಸುತ್ತಿಕೊಂಡು ಬರಬೇಡಿ. ನನ್ನ ಟೇಬಲ್ ಮೇಲೆ, ನನ್ನ ಎಸ್‌ಎಂಪಿಎಸ್‌ನಲ್ಲಿ, ಫ್ಯಾನಿನ ಕೆಳಗೆ ಅದು ಚೆನ್ನಾಗಿಯೇ ಓಡುತ್ತದೆ. ಇಡೀ ಕ್ಯಾಬಿನೆಟ್ ತನ್ನಿ, ಧೂಳು ಒರೆಸದೆ.